ಕಳಕವ್ವ ತಿದಿಯ ಹೊಟ್ಟೆ ಬಿಚ್ಚಿದ್ದು

ಮುಶಿಗೇರಿಯ ಕಮ್ಮಾರ ಈಶಪ್ಪನ ಹೆಂಡತಿ ಕಳಕವ್ವನ ಬಲಗೈ ಎಡಗೈಗಿಂತ ದಪ್ಪ. ಇಪ್ಪತ್ತೆಂಟು ವರ್ಷ ಮನೆಯ ಕುಲುಮೆಗೆ ತಿದಿ ಒತ್ತಿದ ಕೈ ನೋಡ್ರಿ ಅದು. ಗಾಳಿ ಊದುವ ಆ ತೊಗಲಿನ ಚೀಲ ಅವಳ ಮಾವನ ಕಾಲದ್ದು, ಮೈತುಂಬ ತೇಪೆ. ಒತ್ತುವುದು ಅವಳ ಕೆಲಸ, ಬಿಚ್ಚಿ ರಿಪೇರಿ ಮಾಡುವುದು ಮಾತ್ರ ಗಂಡಸರದು. ಆ ಮನೆತನದ ಕಟ್ಟಳೆ ಹಾಗಿತ್ತು.

ಐವತ್ತನಾಲ್ಕನೇ ಇಸವಿ. ಮಾನವಮಿ ಮುಗಿದು ಹಿಂಗಾರಿ ಬಿತ್ತಿಗೆಗೆ ನೆಲ ಹದವಾಗಿತ್ತು. ಬಿತ್ತುವ ಕೂರಿಗೆಯ ಕಬ್ಬಿಣದ ಮೊನೆ, ಅಂದರೆ ಕುಡ, ಕಾಯಿಸಿ ಬಡಿದು ಹಣಿಸಲು ಏಳೆಂಟು ಮಂದಿ ಬಂದು ಕೂತಿದ್ದರು. ಹಬ್ಬದಲ್ಲಿ ಆಯುಧಗಳ ಖಂಡೆಪೂಜೆಗೆಂದು ಆರಿಸಿದ್ದ ಕುಲುಮೆಯನ್ನು ಅಂದೇ ಮತ್ತೆ ಹಚ್ಚಿದ್ದು. ಕಳಕವ್ವ ಒತ್ತಿದಳು, ಒತ್ತಿದಳು. ಇದ್ದಲಿ ಕಣ್ಣೇ ಬಿಡಲೊಲ್ಲದು.

"ತಿದಿ ಸತ್ತಿತು," ಅಂದ ಈಶಪ್ಪ. "ತೊಗಲು ಸೋರಾಕತ್ತೇತಿ."

ರೈತ ಗುರುಸಂಗಪ್ಪ ತನ್ನ ಕುಡ ಹೆಗಲಿಗೇರಿಸಿದ. "ಹದ ನಮ್ಮ ಮನಿ ಆಳಲ್ಲೋ, ಕಾಯಾಂಗಿಲ್ಲ. ಸೂಡಿ ಕಮ್ಮಾರನ ಕಡೆ ಹೊಂಟೆ. ಅವ ತಿದಿ ಬದಲಿ ಕೈಲೆ ತಿರುವು ಪಂಖಾ ತಂದಾನ."

ಒಮ್ಮೆ ಸೂಡಿಯವನು ಹಣಿದ ಕುಡದಿಂದ ಬಿತ್ತಿದರೆ ಸುಗ್ಗಿಯಲ್ಲಿ ವರ್ಷದ ಕೂಲಿಯಾಗಿ ಅಳೆಯುವ ಆಯದ ಜೋಳವೂ ಸೂಡಿಯವನಿಗೇ. ಒಬ್ಬ ಎದ್ದರೆ ಊರೇ ಏಳುತ್ತದೆ.

"ನಿಂದ್ರೋ ಗುರುಸಂಗಪ್ಪ," ಅಂದಳು ಕಳಕವ್ವ. "ತೊಗಲು ಸೋರಿದ್ರ ಬುಸ್ ಅಂತಿತ್ತು. ಇದು ಸಪ್ಪಳಿಲ್ಲದ ಹಗುರ ಕುಂದರತೈತಿ. ಗಾಳಿ ಹಿಂದಕ್ಕ ಓಡಾಕತ್ತೇತಿ."

"ನಿನಗೇನ ಗೊತ್ತ?" ಅಂದ ಈಶಪ್ಪ.

"ಬೆಂಕಿ ನಿನಗ ಗೊತ್ತ, ತಿದಿ ನನಗ ಗೊತ್ತ. ಒಂದ ದಿನಾರ ಒತ್ತೀಯೇನ ನೀ?"

ಕೂತವರು ನಕ್ಕರು. ಅವಳು ಮೊದಲು ಬೆಂಕಿಗೆ ಗಾಳಿ ಒಯ್ಯುವ ಕೊಳವೆಗೆ ತಂತಿ ಹಾಕಿ ನೋಡಿದಳು. ಬೂದಿ ಕಟ್ಟಿರಲಿಲ್ಲ. ಇನ್ನು ತಿದಿಯ ಹಲಗೆ. ಗಾಳಿ ಒಳಬರಲು ಅಲ್ಲೊಂದು ತೂತು, ಅದಕ್ಕೆ ಒಳಗಿನಿಂದ ತೊಗಲಿನ ನಾಲಿಗೆ. ಎತ್ತಿದಾಗ ತೆರೀಬೇಕು, ಒತ್ತಿದಾಗ ಮುಚ್ಚಬೇಕು. ಚಿಟಿಕೆ ಹತ್ತಿ ಹಿಂಜಿ ತೂತಿನ ಮುಂದೆ ಹಿಡಿದು ಒತ್ತಿದಳು. ಹತ್ತಿ ಹಾರಿ ಗುರುಸಂಗಪ್ಪನ ಮೀಸೆಗೆ ಅಂಟಿತು.

"ನೋಡ್ರಿ, ಮುಚ್ಚೂ ಬಾಯಿ ಮುಚ್ಚವಲ್ದು."

"ನಿನ್ನ ಬಾಯಿ ಇದ್ದಾಂಗ," ಅಂದ ಗುರುಸಂಗಪ್ಪ ಮೀಸೆ ಒರೆಸಿಕೊಳ್ಳುತ್ತ.

ಅವಳು ಉಳಿ ತಗೊಂಡು ಹಲಗೆಯ ಮೊಳೆಗೆ ಕೊಟ್ಟಳು. ಈಶಪ್ಪ ಓಡಿ ಬಂದು ಕೈ ಹಿಡಿದ. "ಹೆಣ್ಣು ಬಿಚ್ಚಿದ್ರ ಕುಲುಮಿ ಆರತೈತಿ!"

"ಆರಿದ್ದನ್ನ ಇನ್ನೇನ ಆರಸ್ಲಿ? ಕೈ ಬಿಡು."

ಬಿಟ್ಟ. ಹಲಗೆ ಎದ್ದಿತು. ಒಳಗೆ ನಾಲಿಗೆ ಕರಿದ ಹಪ್ಪಳದ ಹಾಗೆ ಸೆಟೆದು ಮುರುಟಿತ್ತು. ಮೂಸಿ ನೋಡಿದಳು. "ಕುಸುಬಿ ಎಣ್ಣಿ! ಔಡಲೆಣ್ಣಿ ಹಾಕಲಿಲ್ಲೇನ ನೀ?"

ಈಶಪ್ಪ ನೆಲ ನೋಡಿದ. "ತೀರಿತ್ತು. ಪೂಜಿಗೆ ತಿದಿ ಎಣ್ಣಿ ಬಟ್ಟಲ ಖಾಲಿ ಇಡಬಾರದಂತ ಅಡಗಿ ಮನ್ಯಾಗಿಂದ ತಂದು ತೂತಿನ್ಯಾಗ ಸುರುವಿದೆ..."

"ತಿದಿಗೆ ಒಗ್ಗರಣಿ ಕೊಟ್ಟಿ ಅನ್ನು!"

ಕುಸುಬಿ ಎಣ್ಣೆ ಒಣಗಿದರೆ ಅಂಟಾಗಿ ಗಟ್ಟಿಯಾಗುತ್ತದೆ, ಔಡಲೆಣ್ಣೆ ತೊಗಲನ್ನು ಮೆತ್ತಗೆ ಇಡುತ್ತದೆ. ಒಲೆಯ ಮುಂದೆ ಕೂರುವವಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹಳೆಯ ನೀರಿನ ಚೀಲದ ಮೆತ್ತನೆಯ ತೊಗಲು ಕೊಯ್ದು ಹೊಸ ನಾಲಿಗೆ ಕೂರಿಸಿದಳು, ಹಲಗೆ ಬಡಿದಳು, ಒತ್ತಿದಳು. ಇದ್ದಲಿ ಭಗ್ಗೆಂದಿತು. ಕಬ್ಬಿಣ ಕೆಂಪಾಯಿತು. ಈಶಪ್ಪ ಸುತ್ತಿಗೆ ಎತ್ತಿಕೊಂಡ.

ಗುರುಸಂಗಪ್ಪ ಮೆಲ್ಲಗೆ ಹೆಗಲ ಮೇಲಿನ ಕುಡ ಇಳಿಸಿ ಎಲ್ಲರಿಗಿಂತ ಮುಂದೆ ಇಡಹೋದ.

"ಹೊಂಟವರದು ಕಡೀಗೆ," ಅಂದಳು ಕಳಕವ್ವ, ತಿದಿ ಬಿಡದೆ. "ಕುಂತವರದು ಮದಲ."