ಸೆಕೆಯೂರಿನಲ್ಲಿ ಹೀಟರ್ ರಿಪೇರಿ

ಚಳಿಯ ವಿಷಯದಲ್ಲಿ ನಾನು ಶುದ್ಧ ಅನಕ್ಷರಸ್ಥ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಏಕೆಂದರೆ ಉಡುಪಿಯ ಸುತ್ತಮುತ್ತ ಹುಟ್ಟಿ ಬೆಳೆದವರೆಲ್ಲ ನನ್ನ ಹಾಗೆಯೇ. ನಮ್ಮಲ್ಲಿರುವುದು ಎರಡೇ ಕಾಲ, ಮಳೆ ಮತ್ತು ಸೆಕೆ. ಡಿಸೆಂಬರಿನಲ್ಲಿ ಯಾವುದೋ ಒಂದು ಬೆಳಗ್ಗೆ ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಕಿವಿಗೆ ಮಫ್ಲರ್ ಸುತ್ತಿಕೊಂಡು "ಎಂತ ಚಳಿ ಮಾರಾಯ್ರೆ!" ಎಂದು ಎದುರು ಸಿಕ್ಕವರಿಗೆಲ್ಲ ವರದಿ ಒಪ್ಪಿಸುತ್ತೇವೆ. ಅಂಥ ಊರಿನಲ್ಲಿ ಕೂತು ನಾನು ಕಾಲೇಜಿನ ಹುಡುಗರಿಗೆ ಹಳಗನ್ನಡ ಕಾವ್ಯದ ಹೇಮಂತ, ಶಿಶಿರಗಳ ವರ್ಣನೆಯನ್ನು ಪಾಠ ಮಾಡುತ್ತಿದ್ದೆ. ಸಂಸ್ಕೃತದ ಕವಿಗಳು ಹಿಮಾಲಯವನ್ನು ನೋಡಿ ಬರೆದರು. ಕನ್ನಡದ ಕವಿಗಳು ಸಂಸ್ಕೃತವನ್ನು ಓದಿ ಬರೆದರು. ನಾನು ಕನ್ನಡವನ್ನು ಓದಿ, ಕಾಲರಿನ ಬೆವರು ಒರೆಸಿಕೊಳ್ಳುತ್ತ ವಿವರಿಸಿದೆ. ಹೀಗೆ ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ಹಿಮವೆಲ್ಲ ಕರಗಿ ತರಗತಿಗೆ ತಲುಪುತ್ತಿದ್ದುದು ಬರೀ ನೀರು.

ಇಂಥ ನನಗೆ ಒಂದು ಹೀಟರನ್ನು ರಿಪೇರಿ ಮಾಡುವ ಯೋಗ ಬಂತು.

ಎಪ್ಪತ್ತರ ದಶಕದಲ್ಲಿ ಯುರೋಪಿನಿಂದ ರಸ್ತೆಯ ಮೇಲೆಯೇ ವ್ಯಾನು ಓಡಿಸಿಕೊಂಡು ನಮ್ಮ ದೇಶಕ್ಕೆ ಬರುವ ಬಿಳಿಯರು ಬಹಳ ಮಂದಿ ಇದ್ದರು. ಹಾಸಿಗೆ, ಒಲೆ, ನೀರಿನ ಟ್ಯಾಂಕಿ ಎಲ್ಲ ಒಳಗೇ ಇರುವ, ಚಕ್ರದ ಮೇಲಿನ ಮನೆ ಅದು. ಪೀಟರ್ ಮತ್ತು ಹಾನಾ ಎಂಬ ಜರ್ಮನ್ ದಂಪತಿಗಳು ಅಂಥದೊಂದು ವ್ಯಾನಿನಲ್ಲಿ ಗೋವೆಯಿಂದ ದಕ್ಷಿಣಕ್ಕೆ ಹೊರಟಿದ್ದಾಗ, ಬಸುರಿಯಾಗಿದ್ದ ಹಾನಾಳಿಗೆ ದಾರಿಯಲ್ಲಿ ಆರೋಗ್ಯ ಕೆಟ್ಟಿತು. ಮಣಿಪಾಲದ ಆಸ್ಪತ್ರೆ ಸೇರಿದಳು. ಅಲ್ಲೇ ಮಗಳು ಲೀನಾ ಹುಟ್ಟಿದಳು. ತಾಯಿ ಮಗು ಚೇತರಿಸಿಕೊಳ್ಳುವವರೆಗೆ ಎಂದು ವ್ಯಾನು ನಮ್ಮ ಹಿತ್ತಿಲಿನ ಹಲಸಿನ ಮರದ ಅಡಿ ಬಂದು ನಿಂತಿತು. ನನ್ನ ಹೆಂಡತಿ ಶಾರದೆ ಬಾಣಂತನದ ಪೂರ್ಣ ಅಧಿಕಾರವನ್ನು ತಾನೇ ವಹಿಸಿಕೊಂಡಳು. ಹಾನಾಳಿಗೆ ಕರಿಮೆಣಸಿನ ಸಾರು ಕುಡಿಸಿದಳು. ಲೀನಾಳನ್ನು ಕಾಲ ಮೇಲೆ ಮಲಗಿಸಿಕೊಂಡು ತೆಂಗಿನೆಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಹೊಗೆ ಹಾಕಿ ಮಲಗಿಸಿದಳು. ನಮಗೆ ಮಕ್ಕಳಿರಲಿಲ್ಲ. ಆ ಕೆಲವು ತಿಂಗಳು ನಮ್ಮ ಮನೆಗೆ ಬೇರೆಯೇ ಬೆಳಕಿತ್ತು ಎಂದಷ್ಟೇ ಹೇಳುತ್ತೇನೆ.

ಡಿಸೆಂಬರ್ ಬಂತು. ಹಾನಾಳ ತಾಯಿಗೆ ಹುಷಾರಿರಲಿಲ್ಲ, ಮೊಮ್ಮಗಳನ್ನು ನೋಡಬೇಕೆಂದು ಹಟ ಹಿಡಿದಿದ್ದರು. ವಿಮಾನದಲ್ಲಿ ಹೋಗುವ ಅನುಕೂಲವಿಲ್ಲ, ವ್ಯಾನನ್ನು ಇಲ್ಲೇ ಬಿಟ್ಟು ಹೋಗಲು ಸರ್ಕಾರದ ಕಾನೂನು ಬಿಡುವುದಿಲ್ಲ. ಹಾಗಾಗಿ ಬಂದ ದಾರಿಯಲ್ಲೇ ಹಿಂದಿರುಗಬೇಕು. ದಿಲ್ಲಿ, ಲಾಹೋರು, ಕಾಬೂಲು, ಇರಾನು ದಾಟಿ ಟರ್ಕಿಯ ಬೆಟ್ಟಗಳನ್ನು ಹತ್ತುವಾಗ ಅಲ್ಲಿ ನಡು ಚಳಿಗಾಲ. ಒಂದೊಂದು ಸಲ ಹಿಮ ಬಿದ್ದು ರಸ್ತೆ ಮುಚ್ಚಿದರೆ ಎರಡು ದಿನ ಗಾಡಿಯೊಳಗೇ ಕೂರಬೇಕಾಗುತ್ತದಂತೆ. ದೊಡ್ಡವರಾದರೆ ಕಂಬಳಿ ಹೊದ್ದು ಹೇಗೋ ಕಳೆಯಬಹುದು, ಹಸುಗೂಸು? ಪೀಟರ್ ಹೀಟರಿನ ಸ್ವಿಚ್ಚು ಒತ್ತಿ ನೋಡಿದ. ಅದು ಕಮಕ್ ಕಿಮಕ್ ಎನ್ನಲಿಲ್ಲ.

ಪೀಟರ್ ವಿವರಿಸಿದ ಪ್ರಕಾರ ಹೀಟರ್ ಎಂದರೆ ಡೀಸೆಲಿನಿಂದ ಉರಿಯುವ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಬಿಸಿಯನ್ನು ಒಳಗೆ ದೂಡಲು ಒಂದು ಸಣ್ಣ ಫ್ಯಾನು. ನಮ್ಮ ಮಳೆಗಾಲದ ತೇವಕ್ಕೆ ಫ್ಯಾನು ತುಕ್ಕು ಹಿಡಿದು ಬಿಗಿದಿತ್ತು. ಫ್ಯಾನು ತಿರುಗದಿದ್ದರೆ ಬಿಸಿ ಬರುವುದಿಲ್ಲ ಎಂಬುದು ಅರ್ಧ ಮಾತು. ಉರಿ ಹತ್ತಿದ ಮೇಲೆ ಫ್ಯಾನು ನಿಂತರೆ ಪೆಟ್ಟಿಗೆಯೇ ಕೆಂಪಗೆ ಕಾದು ಗಾಡಿಗೆ ಬೆಂಕಿ ಹಿಡಿಯಬಹುದು ಎಂಬುದು ಉಳಿದರ್ಧ. ಇನ್ನು ಅದನ್ನು ಇಟ್ಟಿದ್ದ ಜಾಗವೋ! ಮಂಚದ ಅಡಿಯಲ್ಲಿ, ನೀರಿನ ಟ್ಯಾಂಕಿಯ ಹಿಂದೆ, ಚಕ್ರದ ಉಬ್ಬಿನ ಆಚೆ. ಅದನ್ನು ಹೊರಗೆ ತೆಗೆಯಬೇಕಾದರೆ ವ್ಯಾನಿನ ಅರ್ಧ ಸಂಸಾರವನ್ನೇ ಬಿಚ್ಚಬೇಕು. ಹಲಗೆಯಲ್ಲಿ ಒಂದು ತೂತು ಮಾತ್ರ ಇತ್ತು, ಅದೂ ಒಂದು ಕೈ ತೂರುವಷ್ಟು.

ಪರ್ಕಳದಿಂದ ವಿಠಲಣ್ಣನನ್ನು ಕರೆಸಿದೆವು. ಕಾರು, ಪಂಪುಸೆಟ್ಟು, ಹಿಟ್ಟಿನ ಗಿರಣಿ ಏನು ಕೆಟ್ಟರೂ ನಮ್ಮ ಕಡೆ ಅವನೇ. ಅವನ ತೋಳು ತೂತಿನ ಬಾಯಲ್ಲೇ ನಿಂತಿತು. ಪೀಟರನದ್ದೂ ಅಷ್ಟೇ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈ ಎಷ್ಟು ಸಪೂರ ಎಂದರೆ, ಮದುವೆ ಮನೆಗಳಲ್ಲಿ ಬಡಿಸುವವರು ಅದನ್ನು ನೋಡಿ ಮರುಕಪಟ್ಟು ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ ಅದಕ್ಕೊಂದು ಬೆಲೆ ಬಂತು ಎಂದು ಹೆಮ್ಮೆಯಿಂದಲೇ ಅಂಗಾತ ಮಲಗಿ ಕೈ ಹಾಕಿದೆ. ಬೆರಳಿಗೆ ಫ್ಯಾನಿನ ರೆಕ್ಕೆ ತಾಗಿತು. ಅದು ಅಲುಗಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅದೂ ಅಲುಗಲಿಲ್ಲ.

ಮೊಣಕೈ ಹಲಗೆಯ ಆಚೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಊದಿತು. "ಗಾಬರಿ ಮಾಡ್ಬೇಡಿ ಮಾಸ್ಟ್ರೇ, ಹಲಗೆ ಕೊಯ್ಯುವ" ಎಂದು ವಿಠಲಣ್ಣ ಗರಗಸ ತೆಗೆದು ನನ್ನ ಕಂಕುಳಿನ ಹತ್ತಿರ ಹಿಡಿದಾಗ ಗಾಬರಿಯಾಗದೆ ಇರಲು ನಾನೇನು ಸ್ಥಿತಪ್ರಜ್ಞನೇ? ನನ್ನ ಕೂಗು ಕೇಳಿ ಶಾರದೆ ಎಣ್ಣೆಯ ಕುಪ್ಪಿ ಹಿಡಿದುಕೊಂಡು ಬಂದಳು. ಕೈಯ ಮೇಲೆ ಧಾರಾಳವಾಗಿ ಸುರಿದು, ತಿರುಚಿ, ಎಳೆದಳು. ಕೈ ಹೊರಗೆ ಬಂತು. ಅದರ ಹಿಂದೆಯೇ ಒಳಗಿನಿಂದ 'ಗಿರ್' ಎಂದು ಒಂದು ಸದ್ದೂ ಬಂತು. ಸ್ವಿಚ್ಚು ಹಾಕಿಯೇ ಇತ್ತು. ಕೈಯಿಂದ ಇಳಿದ ಎಣ್ಣೆ ಫ್ಯಾನಿನ ಬುಡಕ್ಕೆ ಹೋಗಿ ಅದು ತಿರುಗಲು ಹತ್ತಿತ್ತು.

ತೆಂಗಿನೆಣ್ಣೆಯ ಮೇಲೆ ನಮಗಿರುವ ವಿಶ್ವಾಸ ಅಂದು ಮುಗಿಲು ಮುಟ್ಟಿತು. ತೆಂಗನ್ನು ಕಲ್ಪವೃಕ್ಷ ಎಂದವರು ಸುಮ್ಮನೆ ಹೇಳಲಿಲ್ಲ. ಕೂದಲಿಗೆ ಅದೇ, ಒಗ್ಗರಣೆಗೆ ಅದೇ, ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ದೇವರ ದೀಪಕ್ಕೆ, ಸೈಕಲಿನ ಚೈನಿಗೆ ಅದೇ. ವಿಠಲಣ್ಣ ತನ್ನ ಡಬ್ಬಿಯ ಕಪ್ಪು ಎಣ್ಣೆ ಬಿಡಲು ಹೊರಟಾಗ, ಅದರ ವಾಸನೆ ಬಿಸಿಗಾಳಿಯ ಜೊತೆ ಬಂದು ಮಗುವಿಗೆ ಕೆಮ್ಮಾದೀತೆಂದು ಹಾನಾ ಬೇಡವೆಂದಳು. "ಇದೇ ಇರ್ಲಿ. ಮಗುವಿಗೆ ಹಚ್ಚುವ ಎಣ್ಣೆಯೇ ಅಲ್ವಾ? ಗಾಣದ್ದು" ಎಂದು ಶಾರದೆ ಕುಪ್ಪಿ ಮುಂದೆ ಮಾಡಿದಳು. ವಿಠಲಣ್ಣ ತಲೆಯಾಡಿಸಿದ, ನಾನು ತಲೆಯಾಡಿಸಿದೆ. ಒಂದು ಸಪೂರ ಕೊಳವೆಯಿಂದ ಇನ್ನಷ್ಟು ಎಣ್ಣೆ ಒಳಗಿಳಿಯಿತು. ಫ್ಯಾನು ಘಮಘಮಿಸುತ್ತ ತಿರುಗಿತು.

ಮರುದಿನ ಅವರು ಹೊರಟರು. ತಿಂಗಳುಗಟ್ಟಲೆ ನಿಂತ ಗಾಡಿ, ಒಂದು ದಿನ ಹತ್ತಿರದಲ್ಲೇ ಓಡಿಸಿ ನೋಡಬೇಕೆಂದು ಅಂದು ಕಾಪುವಿನ ಕಡಲದಂಡೆಯಲ್ಲಿ ಉಳಿಯುವುದು, ಮಾರನೆಯ ದಿನ ಕಾರ್ಕಳದ ಗೊಮ್ಮಟನನ್ನು ನೋಡಿ ಘಟ್ಟ ಹತ್ತುವುದು ಎಂದು ಪೀಟರನ ಲೆಕ್ಕಾಚಾರ. ಲೀನಾಳನ್ನು ಹಾನಾಳ ಕೈಗೆ ಕೊಟ್ಟ ಮೇಲೆ ಶಾರದೆ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಅಷ್ಟು ಪಾತ್ರೆ ನಮ್ಮ ಮನೆಯಲ್ಲಿ ಇರಲಿಲ್ಲ.

ಮಾರನೆಯ ದಿನ ಭಾನುವಾರ. ನನಗೆ ಎಣ್ಣೆಸ್ನಾನದ ವಾರ. ಬಚ್ಚಲಿಗೆ ಹೋಗಿ ಅಂಗೈ ಒಡ್ಡಿ ಕುಪ್ಪಿ ಬಗ್ಗಿಸಿದೆ. ಏನೂ ಬೀಳಲಿಲ್ಲ. ಕುಲುಕಿದೆ. ಬೆಳಗ್ಗಿನ ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕುಪ್ಪಿಯ ಬುಡದಲ್ಲಿ ಕೂತಿತ್ತು.

"ಒಲೆ ಹತ್ತಿರ ಇಡಿ, ಕರಗ್ತದೆ" ಎಂದಳು ಶಾರದೆ ಅಡಿಗೆಮನೆಯಿಂದ.

ಪ್ರತಿ ಡಿಸೆಂಬರಿನಲ್ಲೂ ಅವಳು ಹೇಳುವ ಮಾತು ಅದು. ಪ್ರತಿ ಡಿಸೆಂಬರಿನಲ್ಲೂ ನಾನು ಕುಪ್ಪಿಯನ್ನು ಒಲೆಯ ಹತ್ತಿರ ಇಡುತ್ತೇನೆ. ಅಂದು ಇಡಲಿಲ್ಲ. ಮಫ್ಲರ್ ಸುತ್ತುವಷ್ಟು ಚಳಿಗೇ ಹೆಪ್ಪುಗಟ್ಟುವ ಎಣ್ಣೆ ಟರ್ಕಿಯ ಹಿಮದಲ್ಲಿ ಏನಾದೀತು? ಫ್ಯಾನು ಕಲ್ಲಾಗುತ್ತದೆ. ಸ್ವಿಚ್ಚು ಹಾಕಿದರೆ ಬಿಸಿ ಇಲ್ಲ, ಅಥವಾ ಬೆಂಕಿ. ಕುಪ್ಪಿ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು "ಫ್ಯಾನಿಗೆ ಹಾಕಿದ್ದು ಇದೇ" ಎಂದೆ. ಶಾರದೆ ನನ್ನ ಮುಖ ನೋಡಿದಳು, ಕುಪ್ಪಿ ನೋಡಿದಳು. "ಅಯ್ಯೋ ದೇವರೇ, ಮಗು! ನೀವು ನಿಂತದ್ದೆಂತ? ಹೊರಡಿ!" ಎಂದಳು.

ಪುಣ್ಯಕ್ಕೆ ವಿಠಲಣ್ಣ ಮನೆಯಲ್ಲಿದ್ದ. ಅವನ ಮೋಟಾರ್ ಸೈಕಲಿನ ಹಿಂದೆ ಕೂತು ಕಾಪುವಿಗೆ ಹೋದೆವು. ಕುಪ್ಪಿ ನನ್ನ ಜೋಳಿಗೆಯಲ್ಲಿತ್ತು, ಪೀಟರನಿಗೆ ತೋರಿಸಲು ಬೇಕಲ್ಲ. ದೀಪಸ್ತಂಭದ ಹತ್ತಿರ ಮರಳಿನಲ್ಲಿ ವ್ಯಾನಿನ ಚಕ್ರದ ಗುರುತು ಉಳಿದಿತ್ತು, ವ್ಯಾನಿರಲಿಲ್ಲ. ಬಲೆ ಒಣಗಿಸುತ್ತಿದ್ದವನೊಬ್ಬ, "ಬೆಳಗ್ಗೆಯೇ ಹೋದ್ರಲ್ಲ. ಮಗು ಇಡೀ ರಾತ್ರಿ ಕೂಗಿದ್ದೇ ಕೂಗಿದ್ದು, ಪಾಪ" ಎಂದ. ಕಟಪಾಡಿಗೆ ಬಂದು ಒಳದಾರಿ ಹಿಡಿದೆವು. ಶಂಕರಪುರದಲ್ಲಿ ಜಗಲಿಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸದೆಯೇ, ಹೌದು, ಆ ಬಿಳಿ ಬಾಣಂತಿ ಒಂದು ಚೆಂಡು ಮಲ್ಲಿಗೆ ತಗೊಂಡು ಹೋದಳು, ಆಗಲೇ ಬಹಳ ಹೊತ್ತಾಯಿತು ಎಂದರು. ಶಿರ್ವ ದಾಟಿತು, ಬೆಳ್ಮಣ್ ದಾಟಿತು. ಘಟ್ಟ ಹತ್ತಿದರೆ ಮುಗಿಯಿತು, ಆಮೇಲೆ ಅವರನ್ನು ಎಲ್ಲಿ ಹುಡುಕುವುದು? ಪ್ರತಿ ತಿರುವಿನಲ್ಲೂ ನಾನು ವಿಠಲಣ್ಣನ ಭುಜ ಹಿಂಡುತ್ತಿದ್ದೆ. "ಮಾಸ್ಟ್ರೇ, ನನ್ನನ್ನು ಹಿಂಡಿದ್ರೆ ಗಾಡಿ ಓಡುದಿಲ್ಲ" ಎಂದ ಅವನು.

ವ್ಯಾನು ಕಾರ್ಕಳದಲ್ಲಿ ಗೊಮ್ಮಟನ ಬೆಟ್ಟದ ಬುಡದಲ್ಲೇ ನಿಂತಿತ್ತು. ಪೀಟರ್ ಫೋಟೋ ತೆಗೆದು ಇಳಿದು ಬಂದು ಇಂಜಿನ್ ಚಾಲೂ ಮಾಡಿದ್ದ. ನಾನು ಎದುರಿಗೆ ನಿಂತು ಎರಡೂ ಕೈ ಎತ್ತಿದೆ. ನನ್ನ ಇಂಗ್ಲಿಷು ಶಾಂತ ಸಮಯದಲ್ಲೇ ಕಷ್ಟ, ಏದುಸಿರಿನಲ್ಲಿ ಕೇಳಬೇಕೆ? ಎಣ್ಣೆ, ಹಿಮ, ಫ್ಯಾನು, ಕಲ್ಲು ಎಂದೆಲ್ಲ ಹೇಳಿ ಜೋಳಿಗೆಯಿಂದ ಕುಪ್ಪಿ ತೆಗೆದು ಅವನ ಮುಖದ ಮುಂದೆ ಹಿಡಿದೆ. ದಾರಿಯ ಬಿಸಿಲಿಗೆ ಎಣ್ಣೆ ಪೂರ್ತಿ ಕರಗಿ ತಿಳಿನೀರಾಗಿತ್ತು.

ಪೀಟರ್ ಮುಗುಳ್ನಕ್ಕ. ಹೀಟರ್ ಚೆನ್ನಾಗಿದೆ, ನಿಮ್ಮ ಉಪಕಾರ ಮರೆಯುವುದಿಲ್ಲ, ಕತ್ತಲಾಗುವ ಮೊದಲು ಘಟ್ಟ ಹತ್ತಬೇಕು ಎಂದ. ಬೀಳ್ಕೊಡಲು ಅಷ್ಟು ದೂರ ಬಂದ ಮುದ್ದು ಮೇಷ್ಟರನ್ನು ನೋಡುವ ಹಾಗೆ ನೋಡಿದ. ನನಗೆ ಅಳುವೇ ಬಂತು. ಆಗ ವಿಠಲಣ್ಣ ಕುಪ್ಪಿಯನ್ನು ಕಸಿದುಕೊಂಡು ಎದುರಿನ ಶರಬತ್ತಿನ ಅಂಗಡಿಗೆ ಓಡಿದ. ಅಲ್ಲಿ ಮರದ ಪುಡಿಯಲ್ಲಿ ಮುಚ್ಚಿಟ್ಟ ಐಸಿನ ಗಡ್ಡೆಯಿತ್ತು. ಒಂದು ತಟ್ಟೆಯಲ್ಲಿ ಐಸಿನ ತುಂಡು ತಂದು ಅದರ ಮೇಲೆ ಎಣ್ಣೆಯ ಹನಿ ಬಿಟ್ಟ. ನಾವು ನಾಲ್ವರೂ ಬಗ್ಗಿ ನೋಡಿದೆವು. ಹನಿ ಮಸುಕಾಯಿತು, ಬಿಳಿಯಾಯಿತು, ಮೇಣವಾಯಿತು. ಹಾನಾ ಅದನ್ನು ಉಗುರಿನಿಂದ ಕೆರೆದು ನೋಡಿ, ಮಗುವನ್ನು ಎದೆಗೆ ಒತ್ತಿಕೊಂಡಳು. ಪೀಟರ್ ಇಂಜಿನ್ ನಿಲ್ಲಿಸಿದ.

ಹತ್ತಿರದ ದರ್ಜಿಯ ಅಂಗಡಿಯಿಂದ ಹೊಲಿಗೆ ಯಂತ್ರದ ಎಣ್ಣೆ ಬಂತು. ಅದರದ್ದೂ ಒಂದು ಹನಿಯನ್ನು ಐಸಿನ ಮೇಲೆ ಬಿಟ್ಟೆವು. ಅದು ಹರಿದು ಹೋಯಿತು. ವಾಸನೆ ನೋಡಿ ಹಾನಾ ಆಗಬಹುದೆಂದಳು. ಇನ್ನು ನನ್ನ ಕೈಯ ಸರದಿ. ಊತ ಪೂರ್ತಿ ಇಳಿದಿರಲಿಲ್ಲ, ಈ ಸಲ ಜಾರಿಸಲು ತೆಂಗಿನೆಣ್ಣೆ ಮುಟ್ಟುವ ಹಾಗೂ ಇಲ್ಲ. ಸೀಮೆಎಣ್ಣೆಯ ಬಟ್ಟೆ ಬೆರಳಿಗೆ ಸುತ್ತಿ, ಹಲ್ಲು ಕಚ್ಚಿ ಒಳಗೆ ಹಾಕಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲವನ್ನೂ ಬೆರಳೇ ನೋಡಬೇಕು. ಒರೆಸಿದೆ, ಬಟ್ಟೆ ಬದಲಿಸಿ ಮತ್ತೆ ಒರೆಸಿದೆ, ತೃಪ್ತಿಯಾಗದೆ ಇನ್ನೊಮ್ಮೆ ಒರೆಸಿದೆ. "ಸಾಕು ಮಾಸ್ಟ್ರೇ, ಕಬ್ಬಿಣ ಸವೆದೀತು" ಎಂದ ವಿಠಲಣ್ಣ. ಒಂದು ಹನಿ ಉಳಿದರೂ ಅದು ಯಾವುದೋ ಬೆಟ್ಟದ ಮೇಲೆ ಲೀನಾಳನ್ನು ಕಾದು ಕೂತಿರುತ್ತದೆ ಎಂದು ನನಗೆ ಭಯ. ಕೊನೆಗೆ ಹೊಸ ಎಣ್ಣೆ ಬಿಟ್ಟು ಕೈ ಹೊರಗೆಳೆದಾಗ ಮೊಣಕೈಯ ಚರ್ಮ ಅಲ್ಲೇ ಉಳಿಯಿತು. ಹಾನಾ ಅದಕ್ಕೆ ಬಟ್ಟೆ ಕಟ್ಟಿದಳು.

ಮುಂದೆ ಅವರು ಸುಖವಾಗಿ ಊರು ಸೇರಿದರು, ಹೀಟರ್ ದಾರಿಯಲ್ಲಿ ಕೈಕೊಡಲಿಲ್ಲ. ಅದು ನಮಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಆದರೆ ಆ ಕಥೆ ನೆನಪಾದಾಗೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಕಾರ್ಕಳದ ಆ ಮಧ್ಯಾಹ್ನದಲ್ಲಿ.

ರಿಪೇರಿಯಾದದ್ದನ್ನು ಪರೀಕ್ಷಿಸಬೇಕಲ್ಲ? ಕಿಟಕಿ ಬಾಗಿಲು ಹಾಕಿ ಎಲ್ಲರೂ ಒಳಗೆ ಕೂತೆವು. ಹೊರಗೆ ಕಾರ್ಕಳದ ಬಂಡೆ ಕಾಯುವ ಬಿಸಿಲು. ಪೀಟರ್ ಸ್ವಿಚ್ಚು ಹಾಕಿದ. ಮಂಚದ ಅಡಿಯಿಂದ ಬಿಸಿಗಾಳಿ ಬಂತು, ಬರುತ್ತಲೇ ಇತ್ತು. ಪೀಟರನ ಮುಖ ಕೆಂಪಾಯಿತು, ವಿಠಲಣ್ಣನ ಅಂಗಿ ಮೈಗಂಟಿತು, ನನ್ನ ಕನ್ನಡಕ ಮಬ್ಬಾಯಿತು. ಅಷ್ಟು ಹಿಂಸೆಯನ್ನು ಅಷ್ಟು ಸಂತೋಷದಿಂದ ಅನುಭವಿಸಿದ್ದು ಅದೊಂದೇ ಸಲ. ಕಾಪುವಿನ ಕಡಲಗಾಳಿಗೆ ರಾತ್ರಿಯಿಡೀ ಅತ್ತು, ಬೆಳಗ್ಗಿನಿಂದ ಕಿರಿಕಿರಿ ಮಾಡುತ್ತಿದ್ದ ಲೀನಾ ಮಾತ್ರ ಹಾನಾಳ ಮಡಿಲಲ್ಲಿ ಮುಷ್ಟಿ ಸಡಿಲಿಸಿ, ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದಳು.

"ನೋಡಿ ಮಾಸ್ಟ್ರೇ" ಎಂದ ವಿಠಲಣ್ಣ ಪಿಸುದನಿಯಲ್ಲಿ, "ಇದು ನಮ್ಮ ಊರಿನ ಮಗು. ಇದಕ್ಕೆ ಸೆಕೆಯಲ್ಲೇ ಸುಖ ಉಂಟು."

ಅಲ್ಲಿಯವರೆಗೆ ನಾವೆಲ್ಲ ಅವಳು ತನ್ನ ಊರಿಗೆ ಹೋಗುತ್ತಿದ್ದಾಳೆ ಎಂದೇ ಮಾತಾಡಿದ್ದೆವು. ಅವಳಿಗೆ ಗೊತ್ತಿದ್ದ ಊರು ಒಂದೇ. ಅದರ ಗಾಳಿಯನ್ನೇ ನಾವು ಆ ಪೆಟ್ಟಿಗೆಯಲ್ಲಿ ಜೊತೆಗೆ ಕಳಿಸುತ್ತಿದ್ದೆವು.

ಹಾನಾಳಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದೆ, ನನ್ನ ಇಂಗ್ಲಿಷು ಅಷ್ಟು ದೂರ ಬರಲಿಲ್ಲ. ಪೀಟರ್ ಹಣೆ ಒರೆಸಿಕೊಂಡು ಹೀಟರ್ ಆರಿಸಲು ಕೈ ಚಾಚಿದ. ನಾನು ಬಟ್ಟೆ ಕಟ್ಟಿದ ಕೈಯಿಂದ ಅವನ ಕೈ ಹಿಡಿದು, ಇನ್ನೊಂದು ನಿಮಿಷ ಇರಲಿ ಎಂದೆ.