ಬಿಚ್ಚಿದ ಕಸಬರಗಿಯ ಬೂದಿ

ನಮ್ಮ ಮನೆಯಲ್ಲಿ ವರ್ಷದ ದಿನಗಳೆಲ್ಲ ಸಂತರ ಪಾಲಿಗೆ ಹೋಗಿದ್ದವು. ಅಡಿಗೆಮನೆಯ ಬಾಗಿಲ ಪಕ್ಕ ತೂಗುತ್ತಿದ್ದ ಚರ್ಚಿನ ಕ್ಯಾಲೆಂಡರಿನಲ್ಲಿ ಆಯಾ ದಿನದ ವಾಚನ ಯಾವುದು, ಹಬ್ಬ ಯಾವ ಸಂತರದು ಎಂಬುದೆಲ್ಲ ಇರುತ್ತಿತ್ತು. ಅವ್ವ ಮುಂಜಾನೆ ಚಹಾಕ್ಕೆ ಇಟ್ಟು, ಅದು ಕುದಿಯುವಷ್ಟರಲ್ಲಿ ವಾಚನವನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದಿ ಸುಮ್ಮನಾಗುವವಳಲ್ಲ, ಅದನ್ನು ಆ ದಿನವೇ ಯಾರ ಮೇಲಾದರೂ ಪ್ರಯೋಗಿಸಬೇಕು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂಬ ವಾಚನ ಬಂದ ದಿನ ಅಪ್ಪ ತನ್ನ ಹೊಸ ಅಂಗಿಯನ್ನು ತೊಟ್ಟುಕೊಂಡೇ ಚಹಾ ಕುಡಿಯಲು ಕೂರುತ್ತಿದ್ದ. ಬಡಗಿಯಾಗಿದ್ದ ಸಂತ ಜೋಸೆಫರ ಹಬ್ಬಕ್ಕೆ ಅವನು ಮಂಚದ ಅಲುಗಾಡುವ ಕಾಲು ರಿಪೇರಿ ಮಾಡಲೇಬೇಕಿತ್ತು. ಅದು ಮುಂದಿನ ಹಬ್ಬದವರೆಗೂ ಅಲುಗಾಡುತ್ತಲೇ ಇರುತ್ತಿತ್ತು. ಮನೆಗೆಲಸದ ಸಂತಳಾದ ಮಾರ್ತಾಳ ಹಬ್ಬದಂದು ಅವ್ವ ಒಲೆ ಮುಟ್ಟುತ್ತಿರಲಿಲ್ಲ. ಅವತ್ತು ಅಪ್ಪ ಮಾಡಿದ ಕಡಲೆಹಿಟ್ಟಿನ ಜುಣಕ ತಿಂದು ನಾವು ಮಕ್ಕಳು ಮಾರ್ತಾಳ ಬೆಲೆ ಏನೆಂದು ತಿಳಿಯುತ್ತಿದ್ದೆವು.

ಅದು ಎಂಬತ್ತರ ದಶಕ. ಅವ್ವ ರಾಯಬಾಗದ ದವಾಖಾನೆಯಲ್ಲಿ ನರ್ಸ್, ಅಪ್ಪ ರೈಲ್ವೆಯಲ್ಲಿ. ನಮ್ಮವರು ಎಂದರೆ ಸುತ್ತಲಿನ ನಾಲ್ಕಾರು ನೌಕರಿಯ ಮನೆಗಳಷ್ಟೇ. ಚರ್ಚ್ ದೂರ. ಫಾದರ್ ಆಗಾಗ ಫಟಫಟಿಯ ಮೇಲೆ ಬಂದು ನಮ್ಮ ಪಡಸಾಲೆಯಲ್ಲೇ ಪೂಜೆ ಮಾಡುತ್ತಿದ್ದರು.

ಪಕ್ಕದ ಮನೆ ಕಬ್ಬಿನ ಹೊಲದವರದು. ಆ ಮನೆಯ ಮುದುಕಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಹಣೆ ತುಂಬ ವಿಭೂತಿ, ಅವಳ ಮಾತಿನಲ್ಲಿ ಈಬತ್ತಿ, ಹಚ್ಚಿಕೊಂಡು ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, "ಇವತ್ತ ನಿಮ್ಮ ಪಂಚಾಂಗದಾಗ ಯಾರ ದಿನಾ ಐತ್ಯವ್ವಾ?" ಎಂದು ಕೇಳುವಳು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರ ಮೇಲೆ ಅವಳಿಗೆ ಬಲು ಭರವಸೆ. ಅವಳ ಆಡು ತಪ್ಪಿಸಿಕೊಂಡಾಗಲೆಲ್ಲ ಅವರಿಗೆ ಅರ್ಜಿ ಹಾಕುವ ಕೆಲಸ ಅವ್ವನದು. ಅವ್ವ ಡ್ಯೂಟಿಗೆ ಹೋದರೆ ನಮ್ಮ ಮನೆಯ ಕೀಲಿ ಆಯಿಯ ಸೆರಗಿನ ಗಂಟಿನಲ್ಲಿರುತ್ತಿತ್ತು.

ಒಂದು ವರ್ಷ ವಿಭೂತಿ ಬುಧವಾರದ ಬೂದಿಯ ಹೊಣೆ ಅವ್ವನ ಮೇಲೆ ಬಿತ್ತು. ನಮ್ಮ ಉಪವಾಸದ ಕಾಲ ಆ ದಿನ ಆರಂಭವಾಗುತ್ತದೆ. ಫಾದರ್ ಎಲ್ಲರ ಹಣೆಗೆ ಬೂದಿಯಿಂದ ಶಿಲುಬೆಯ ಗುರುತು ಹಚ್ಚುತ್ತಾರೆ. ಅದು ಎಂಥದೋ ಬೂದಿಯಲ್ಲ. ಹಿಂದಿನ ವರ್ಷ ಉಪವಾಸದ ಕಾಲದ ಕೊನೆಗೆ ಬಂದ ಗರಿಗಳ ಭಾನುವಾರದಂದು ಆಶೀರ್ವದಿಸಿ ಕೊಟ್ಟ ಗರಿಗಳನ್ನು ಸುಟ್ಟೇ ಮಾಡಬೇಕು. ನಮ್ಮ ಕಡೆ ಅದಕ್ಕೆ ಸಿಂದಿ ಗರಿ, ಅಂದರೆ ಈಚಲು. ಎಲ್ಲ ಮನೆಗಳ ಒಣಗರಿ ಕೂಡಿಸಿ ಅವ್ವ ಪಡಸಾಲೆಯ ಶಿಲುಬೆಯ ಹಿಂದೆ ಇಟ್ಟಿದ್ದಳು.

ಆ ಬುಧವಾರ ನೈಟ್ ಡ್ಯೂಟಿ ಮುಗಿಸಿ ಬಂದು, ವಾಚನ ಓದಿ, ಗರಿ ಸುಡೋಣವೆಂದು ಶಿಲುಬೆಯ ಹಿಂದೆ ಕೈ ಹಾಕಿದರೆ ಗರಿ ಇಲ್ಲ. ಬಾಗಿಲ ಹಿಂದೆ ಹೊಸ ಕಸಬರಗಿಯೊಂದು ನಿಂತಿತ್ತು. ಹಿಡಿಕೆಗೆ ಒತ್ತೊತ್ತಾಗಿ ದಾರ ಸುತ್ತಿ, ಅರಿಸಿಣ ಕುಂಕುಮ ಹಚ್ಚಿದ ಚೆಂದದ ಕಸಬರಗಿ. ನಮ್ಮ ಹಳೆಯದು ಸವೆದು ಮೋಟಾಗಿದ್ದನ್ನು ನೋಡಿದ್ದ ಆಯಿ, ಗರಿ ಸುಮ್ಮನೆ ಬಿದ್ದಿದೆಯಲ್ಲ ಎಂದು ಹಿಂದಿನ ಸಂಜೆ ಅವ್ವ ಡ್ಯೂಟಿಗೆ ಹೋದ ಮೇಲೆ ಕೂತು ಸೀಳಿ ಕಟ್ಟಿದ್ದಳು. ಅಪ್ಪ ಅದರಿಂದ ಪಡಸಾಲೆ ಗುಡಿಸಿ, ಭಾಳ ಛಲೋ ಐತಿ ಎಂದು ಹೊಗಳಿಯೂ ಆಗಿತ್ತು.

ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಸಂಜೆಗೆ ಎಲ್ಲರೂ ಬರುತ್ತಾರೆ, ಬೂದಿ ಇಲ್ಲ. ಕಸಬರಗಿಯನ್ನೇ ಸುಡೋಣವೆಂದರೆ ಆಯಿಗೆ ಅದು ಲಕ್ಷ್ಮಿ. ಕಾಲು ತಾಗಿದರೂ ಮುಟ್ಟಿ ನಮಸ್ಕರಿಸುವ ಜೀವ. ಅವಳು ಕೈಯಾರೆ ಕಟ್ಟಿಕೊಟ್ಟ ಲಕ್ಷ್ಮಿಗೆ ಬೆಂಕಿ ಇಟ್ಟರೆ ಮತ್ತೆ ನಮ್ಮ ಹೊಸ್ತಿಲು ದಾಟುವಳೇ? ಆ ಊರಲ್ಲಿ ಅವ್ವನಿಗೆ ತವರು ಅಂತ ಇದ್ದದ್ದು ಆಯಿ ಒಬ್ಬಳೇ.

"ಒಲಿ ಬೂದಿ ಹಚ್ಚಿದ್ರ ಯಾರಿಗೆ ಗೊತ್ತಾಗತೈತಿ?" ಎಂದ ಅಪ್ಪ. ಅವ್ವ ನೋಡಿದ ನೋಟಕ್ಕೆ ಅವನೇ ಅರ್ಧ ಬೂದಿಯಾದ. ಆದರೂ ಬಿಡಲಿಲ್ಲ. "ಹಂಗಾರ ಹಿತ್ತಲದಾಗ ಸುಟ್ಟಬಿಡೂಣು. ಪ್ಯಾಟಿಯಿಂದ ಅಂಥಾದ ಇನ್ನೊಂದ ತಂದ ಇಡ್ತೀನಿ. ಇವತ್ತಿನ ವಾಚನದಾಗ ಗುಟ್ಟಾಗಿ ಮಾಡ್ರಿ ಅಂತನ ಐತೆಲ್ಲ?"

"ದಾನ ಗುಟ್ಟಾಗಿ ಮಾಡ್ರಿ ಅಂದಾರ, ಮೋಸ ಅಲ್ಲ," ಎಂದಳು ಅವ್ವ.

"ಮುಖ ಸಪ್ಪಗ ಮಾಡ್ಕೋಬ್ಯಾಡ್ರಿ ಅಂತನೂ ಅಂದಾರ."

ಅದಕ್ಕೆ ಮಾತ್ರ ಅವ್ವ ನಕ್ಕಳು. ಉಪವಾಸದ ದಿನ ಮುಖ ತೊಳೆದುಕೊಳ್ಳಿ ಎಂಬುದೂ ಅದೇ ವಾಚನದಲ್ಲಿತ್ತು. ಅವಳು ಮುಖ ತೊಳೆದು, ಕಸಬರಗಿ ಎತ್ತಿಕೊಂಡು ಆಯಿಯ ಮನೆಗೆ ನಡೆದಳು. ನಾನೂ ಹಿಂದೆ ಓಡಿದೆ.

ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅವ್ವ ಸುತ್ತಿ ಬಳಸದೆ ಎಲ್ಲ ಹೇಳಿಬಿಟ್ಟಳು. ಆಯಿಯ ಕೈ ಮೊರದಲ್ಲೇ ನಿಂತಿತು.

"ದೇವರ ಗರೀಲೆ ನಾ ಕಸಬರಗಿ ಕಟ್ಟಿದ್ನೇನವ್ವಾ?"

"ನಿಮಗ ಗೊತ್ತಿದ್ದಿಲ್ಲಲ್ರಿ ಆಯಿ."

"ಆದ್ರ ಲಕ್ಷ್ಮೀನ ಸುಡಬಾರದವ್ವ."

"ಅದಕ್ಕ ಕೇಳಾಕ ಬಂದೀನ್ರಿ. ನೀವು ಬ್ಯಾಡ ಅಂದ್ರ ಸುಡೂದಿಲ್ಲ."

ನನಗೆ ದಿಗಿಲಾಯಿತು. ಬೇಡ ಎಂದರೆ ಸಂಜೆ ಏನು ಗತಿ? ಆಯಿ ಮೊರ ಬದಿಗಿಟ್ಟು ಕೈ ಚಾಚಿದಳು. ಕಸಬರಗಿಯನ್ನು ಕಣ್ಣಿಗೆ ಒತ್ತಿಕೊಂಡು, ತಪ್ಪಾಯಿತೆಂದು ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಗಂಟಿಗೆ ಉಗುರು ಹಾಕಿದಳು. ಅವಳದೇ ಗಂಟು ಅವಳಿಗೇ ಜಗ್ಗಲಿಲ್ಲ, ಹಲ್ಲು ಹಚ್ಚಬೇಕಾಯಿತು. ದಾರ ಸುತ್ತು ಸುತ್ತಾಗಿ ಬಿಚ್ಚಿ ಬಂದು ಗರಿಗಳು ಅವಳ ಮಡಿಲ ತುಂಬ ಹರಡಿದವು.

"ಕಟ್ಟಿದ್ರ ಲಕ್ಷ್ಮಿ. ಈಗ ಬಿಚ್ಚೀನಿ, ಬರೇ ಗರಿ," ಎಂದಳು. "ತೊಗೊಂಡ ಹೋಗು. ನಿನ್ನ ದೇವರಿಗೆ ಹೆಂಗ ಬೇಕೋ ಹಂಗ ಮಾಡು."

ಅವ್ವನ ಕಣ್ಣು ತುಂಬಿದವು. ನನಗೆ ಆಯಿಯನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ ಕೂಡ.

ಸಂಜೆ ಈ ಕಥೆ ಕೇಳಿ ಫಾದರ್ ಬಿದ್ದು ಬಿದ್ದು ನಕ್ಕರು. ಮನುಷ್ಯ ಮಣ್ಣೇ ಎಂದು ನೆನಪಿಸುವ ದಿನಕ್ಕೆ ಧೂಳು ಗುಡಿಸಿ ಬಂದ ಗರಿಗಿಂತ ಒಳ್ಳೆಯದು ಎಲ್ಲಿ ಸಿಗಬೇಕು ಎಂದರು. ಪೂಜೆ ಮುಗಿದಾಗ ಆಯಿ ಬಾಗಿಲಲ್ಲೇ ಇದ್ದಳು. ಅವ್ವನ ಗದ್ದ ಹಿಡಿದು, ಹಣೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಅಷ್ಟ ಗರಿ ಸುಟ್ಟು ಇಷ್ಟ ಈಬತ್ತಿ ಏನವ್ವಾ? ನಮ್ಮನ್ಯಾಗಿನ ಈಬತ್ತಿ ಗಟ್ಟಿ ತೊಗೊಂಡಿದ್ರ ಹಣಿ ತುಂಬ ಬರತಿತ್ತು."

ಆಮೇಲೆ ಎಷ್ಟೋ ವಾರ ನಾವು ಮೋಟು ಕಸಬರಗಿಯಲ್ಲೇ ಗುಡಿಸಿದೆವು. ಅಪ್ಪ ಪೇಟೆಯಿಂದ ಹೊಸದು ತರುತ್ತೇನೆಂದರೆ ಅವ್ವ ಬೇಡವೆಂದಳು. ಆಯಿ ದಿನಾ ಬಂದು ಪಂಚಾಂಗ ಕೇಳಿ ಹೋಗುತ್ತಿದ್ದಳು ನಿಜ, ಆದರೂ ಮನಸ್ಸಿನಲ್ಲಿ ಏನಿದೆಯೋ ಎಂಬ ಅಳುಕು ಅವ್ವನಿಗೆ.

ಗರಿಗಳ ಭಾನುವಾರದ ಹಿಂದಿನ ಸಂಜೆ ಆಯಿ ಬಂದಳು. ತಲೆಯ ಮೇಲೆ ಹಸಿ ಸಿಂದಿ ಗರಿಯ ಹೊರೆ, ಬಗಲಲ್ಲಿ ಹೊಸ ಕಸಬರಗಿ. ಕಸಬರಗಿಯನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಹೊರೆಯನ್ನು ಶಿಲುಬೆಯ ಕೆಳಗೆ ಇಳಿಸಿ ಗರಿಗಳನ್ನು ಬಿಡಿಬಿಡಿಯಾಗಿ ಹರವಿದಳು.

"ಅದು ಮನಿಗೆ, ಇದು ದೇವರಿಗೆ," ಎಂದಳು. "ನೋಡವ್ವ, ಇದಕ್ಕ ನಾ ಗಂಟ ಹಾಕಿಲ್ಲ."