ನಿಂಬೆಹಣ್ಣು ತುಂಬಿ ಬಂದ ಡಬ್ಬಿ

ನ್ಯಾಯದ ಕೈಯಿಂದ ಯಾವ ಮನುಷ್ಯನೂ ಕೊನೆತನಕ ತಪ್ಪಿಸಿಕೊಳ್ಳಲಾರ. ಈ ಪರದೇಶದ ಪೊವೇ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಿಕ್ಟರ್ ಅಂಕಲ್ ತಪ್ಪಿಸಿಕೊಂಡರು, ಅದೂ ನಮ್ಮ ಸ್ಟೀಲ್ ಡಬ್ಬಿ ಸಮೇತ. ಮುಂದಿನದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇಂಥ ಕಥೆ ಶುರುವಾದರೆ ಎದ್ದು ಹೋಗಿ ಚಹಾ ಕುದಿಸುವವರ ಪೈಕಿ ನಾನು.

ಅಂಕಲ್ ಹಿತ್ತಲಲ್ಲಿ ಒಂದು ನಿಂಬೆ ಮರವಿತ್ತು. ಪ್ರತಿ ಹಣ್ಣಿಗೂ ಒಂದೊಂದು ಎಲೆ ಉಳಿಸಿ ಕತ್ತರಿಸಿ ಕೊಡುತ್ತಿದ್ದರು. ನನ್ನ ಹೆಂಡತಿ ಸರೋಜಾ ಚಿತ್ರಾನ್ನ ಕಳಿಸುವಳು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ನಮ್ಮ ಪದ್ಧತಿಯನ್ನು ಅವಳೇ ಅವರಿಗೆ ಕಲಿಸಿದ್ದು. ಅವರು ಅದನ್ನು ಸೈನಿಕನ ಶಿಸ್ತಿನಿಂದ ಪಾಲಿಸಿದರು.

ಶಿಸ್ತು ಎಲ್ಲಿಯದೆಂದು ಕೊರೋನಾ ಇಳಿಯುವ ಹೊತ್ತಿಗೆ ತಿಳಿಯಿತು. ತಮ್ಮ ದೇಶದ ಯುದ್ಧದಲ್ಲಿ ಒಂದು ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೊಲ್ಲಿಸಿದ ಅಧಿಕಾರಿ ಅವರು. ಹೆಸರು ಬದಲಿಸಿಕೊಂಡು ಇಲ್ಲಿ ಬಾಳಿದ್ದರು. ಬಂಧಿಸಲು ಪೊಲೀಸರು ಬಂದಾಗ ಮನೆ ಖಾಲಿ. ಹಿಂದಿನ ದಿನ ಕಳಿಸಿದ್ದ ಡಬ್ಬಿಯೂ ಇಲ್ಲ. ಅದರ ಮುಚ್ಚಳದ ಮೇಲೆ ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಕೊರೆಸಿದ ನನ್ನ ತಾಯಿಯ ಹೆಸರಿತ್ತು.

ಅವರ ಮಗಳು ಎಲೆನಾ ಸ್ಯಾಂಟಾ ಕ್ಲಾರಿಟಾದಲ್ಲಿದ್ದಾಳೆ. ಅಪ್ಪನ ನಿಜವಾದ ಹೆಸರು ಅವಳಿಗೂ ಅಂದೇ ಗೊತ್ತಾಯಿತು. "ಸಿಕ್ಕರೆ ಪೊಲೀಸರನ್ನು ನಾನೇ ಕರೀತೀನಿ," ಎಂದಿದ್ದಳು. "ಅದಕ್ಕೆ ಮೊದಲು ಒಂದು ಸಲ ಊಟಕ್ಕೆ ಕೂರಿಸ್ತೀನಿ. ಆ ಊರಿನ ವಿಷಯ ಅವರ ಬಾಯಿಂದಲೇ ಕೇಳಬೇಕು."

ಎರಡು ವರ್ಷ ಕಳೆದು ನಾವು ಕಲ್ವರ್ ಸಿಟಿಗೆ ಬಂದೆವು. ಪೊವೇಯ ಆ ಮನೆ ಕೊಂಡವರು ನಿಂಬೆ ಮರ ಕಡಿಸಿದ್ದರು. ಬುಡ ನಾನೇ ನೋಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಡಬ್ಬಿ. ಅಮ್ಮನ ಹೆಸರಿನದೇ. ಒಳಗೆ ಏಳು ನಿಂಬೆಹಣ್ಣು, ಒಂದೊಂದಕ್ಕೂ ಒಂದು ಹಸಿರೆಲೆ. ಬಾಗಿಲ ಕ್ಯಾಮೆರಾದಲ್ಲಿ ಕಂಡದ್ದು ಒಂದು ಬೆಕ್ಕು ಮಾತ್ರ. ಅದರ ಮೇಲೆ ನನಗೆ ಸಂಶಯವಿಲ್ಲ.

"ನಾವು ಮನಿ ಬದಲಿಸಿದ್ದು ಅವರಿಗೆ ಯಾರು ಹೇಳಿದರ್ರೀ?" ಎಂದಳು ಸರೋಜಾ.

ಸುದ್ದಿ ಕೇಳಿ ಡ್ರೈವ್ ಮಾಡಿಕೊಂಡು ಬಂದ ಎಲೆನಾ ಒಂದು ಹಣ್ಣನ್ನು ಬಹಳ ಹೊತ್ತು ಮೂಸುತ್ತ ನಿಂತಳು. "ನಿಮ್ಮ ಮನೆಗೆ ಬಂದ್ರು. ನನ್ನ ಮನೆಗೆ ಬರಲಿಲ್ಲ."

"ನಿನ್ನ ಡಬ್ಬಿ ಅವರ ಕಡೆ ಇರಲಿಲ್ಲಲ್ಲವ್ವಾ, ಅದಕ್ಕ," ಎಂದು ಸರೋಜಾ ಕನ್ನಡದಲ್ಲೇ ಹೇಳಿದಳು. ಎಲೆನಾ ಅರ್ಥವಾದಂತೆ ತಲೆಯಾಡಿಸಿದಳು.

ಹೇಳಿದಂತೆ ಪೊಲೀಸರಿಗೆ ಅವಳೇ ಫೋನ್ ಮಾಡಿದಳು. ಡಬ್ಬಿಯ ಮೇಲೆ ಸಿಕ್ಕಿದ್ದು ನನ್ನ ಬೆರಳಚ್ಚು ಮಾತ್ರ. ಪೊಲೀಸರು ಅದನ್ನು ನಮಗೆ ಹಿಂದಿರುಗಿಸಿದರು, ಖಾಲಿ; ಅವರಿಗೆ ಪದ್ಧತಿ ಗೊತ್ತಿಲ್ಲ.

ಮುಂದಿನ ಭಾನುವಾರ ಎಲೆನಾ ಅಪ್ಪನಿಗೆ ಇಷ್ಟವಾದ ಎಲೆಕೋಸಿನ ಅಡುಗೆಯನ್ನು ಆ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ನಮ್ಮ ಮೆಟ್ಟಿಲ ಮೇಲಿಟ್ಟು ಹೋದಳು.

ಸೋಮವಾರ ಬೆಳಿಗ್ಗೆ ಡಬ್ಬಿ ಅಲ್ಲೇ ಇತ್ತು. ಇರುವೆ ಹತ್ತಿದ್ದವು.